ಸುವಾಸನೆಯ ಬಾವಲಿ

ಆ ಊರು ಮೋಡಗಳಿಗಿಂತ ಮೇಲಿತ್ತು. ಯಾವ ದೇಶ, ಯಾವ ಕಾಲ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಊರಿನವರು ಮೂರು ಸಾಕ್ಷಿ ತನ್ನಿ ಎನ್ನುತ್ತಾರೆ. ಅಲ್ಲಿ ಎಲ್ಲದಕ್ಕೂ ಮೂರು ಸಾಕ್ಷಿ ಬೇಕು. ಒಬ್ಬರು ನೋಡಿದರೆ ಅದು ಕನಸು, ಇಬ್ಬರು ನೋಡಿದರೆ ಅದು ಹರಟೆ, ಮೂವರು ನೋಡಿದರೆ ಮಾತ್ರ ಅದು ಇದ್ದದ್ದು. ಸೂರ್ಯ ನೆತ್ತಿಗೆ ಬಂದರೂ ಮೂವರು ಕತ್ತೆತ್ತಿ ನೋಡಿ ಹೌದೆನ್ನುವವರೆಗೆ ಆ ಊರಿನಲ್ಲಿ ಬೆಳಗಾಗುತ್ತಿರಲಿಲ್ಲ.

ಊರಿನ ನಡುವೆ ಚಾವಡಿ. ಚಾವಡಿಯ ನಡುವೆ ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಬಾವಲಿ.

ಬೇರೆ ಊರುಗಳಲ್ಲಿ ಆನೆ ಇದೆಯಂತೆ, ಹುಲಿ ಇದೆಯಂತೆ. ಇರಲಿ ಪಾಪ, ಅವರಿಗೂ ಏನಾದರೂ ಬೇಕಲ್ಲ. ಈ ಊರಿನದು ಹೆಬ್ಬೆರಳಿನಷ್ಟು ಉದ್ದದ, ಬೂದಿಯ ಬಣ್ಣದ, ಮೂಗಿನ ಜಾಗದಲ್ಲಿ ಎರಡು ಪುಟ್ಟ ಕೊಳವೆ ಇರುವ ಬಾವಲಿ. ಈ ಬೆಟ್ಟಸಾಲಿನ ಕಾಡು ಬಿಟ್ಟರೆ ಮೂರು ಲೋಕದಲ್ಲಿ ಎಲ್ಲೂ ಇಲ್ಲ. ಸಾಲದ್ದಕ್ಕೆ ಅದಕ್ಕೆ ಸುವಾಸನೆ ಬೇರೆ. ಪೆಟ್ಟಿಗೆಯ ಮುಚ್ಚಳದಲ್ಲೊಂದು ತೂತಿತ್ತು. ಒಳ್ಳೆಯ ದಿನಗಳಂದು ಊರಿನವರು ಸಾಲಾಗಿ ನಿಂತು, ಒಬ್ಬೊಬ್ಬರೇ ಆ ತೂತಿಗೆ ಮೂಗಿಟ್ಟು, ಉಸಿರೆಳೆದು, ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು.

ಕಟ್ಟೆಯ ಕಲ್ಲಿನ ಮೇಲೆ ಊರಿನ ಕಟ್ಟಳೆ ಕೆತ್ತಿತ್ತು. ಪೆಟ್ಟಿಗೆಯಲ್ಲಿರುವುದೇ ಬಾವಲಿ. ಪೆಟ್ಟಿಗೆಯಲ್ಲಿರುವುದರ ಹಾಗಿಲ್ಲದ್ದು ಬಾವಲಿಯಲ್ಲ. ಬಾವಲಿ ಇರುವಲ್ಲಿ ಕೊಡಲಿ ಬೀಳಕೂಡದು. ಬಾವಲಿ ಇಲ್ಲದಲ್ಲಿ ಕೊಡಲಿ ಬೀಳದೆ ಇರಕೂಡದು.

ಕೊನೆಯ ಸಾಲು ಯಾಕೆ ಎಂದು ನಿಮಗನ್ನಿಸಬಹುದು. ಊರಿನವರಿಗೆ ಹಾಗನ್ನಿಸಿರಲಿಲ್ಲ. ಒಂದು ಮರ ಕಾರಣವಿಲ್ಲದೆ ಸುಮ್ಮನೆ ನಿಂತಿರುವುದೆಂದರೆ ಅವರಿಗೆ ಮೈಯೆಲ್ಲ ಉರಿ.

ಹಾಗಾಗಿ ವರ್ಷಕ್ಕೊಮ್ಮೆ, ಚಳಿ ಇಳಿಯುವ ಹೊತ್ತಿಗೆ, ಒಂದು ಗುಡ್ಡದಲ್ಲಿ ಬಾವಲಿಯ ಹುಡುಕಾಟ ನಡೆಯುತ್ತಿತ್ತು. ಮೂವರು ಸಾಕ್ಷಿಗಳು ಮುಂದೆ. ಬೆಳ್ಳಿಕಟ್ಟಿನ ಕೋಲು ಹಿಡಿದ ಚಾವಡಿಯ ಯಜಮಾನ ಒಬ್ಬ, ಗೆರೆ ಕೊರೆದ ಕಡ್ಡಿ ಹಿಡಿದ ಅಳೆಯುವವನೊಬ್ಬ, ಕಿವಿಯ ಮೇಲೆ ಲೇಖನಿ ಸಿಕ್ಕಿಸಿಕೊಂಡ ಬರೆಯುವವನೊಬ್ಬ. ಅವರ ಹಿಂದೆ ಹನ್ನೆರಡು ತಮಟೆ, ಆರು ಕಹಳೆ. ಅವುಗಳ ಹಿಂದೆ ಕೊಡಲಿ ಹೊತ್ತವನು. ಎಲ್ಲರಿಗಿಂತ ಹಿಂದೆ, ಅಷ್ಟು ಕಾಲು ಎಬ್ಬಿಸಿದ ಕಸವನ್ನು ಗುಡಿಸುತ್ತ, ಗುಡಿಸುವವಳು. ಕಾಡಿಗೆ ಮೂರು ಸುತ್ತು ಬರುವುದು. ಪ್ರತಿ ಸುತ್ತಿಗೂ ತಮಟೆ ನಿಲ್ಲಿಸಿ ಯಜಮಾನ ಗಂಟಲು ಸರಿಮಾಡಿಕೊಂಡು ಕೇಳುವುದು: "ಇದ್ದೀಯಾ? ಇದ್ದರೆ ಇದ್ದೇನೆ ಅನ್ನು. ಇಲ್ಲದಿದ್ದರೆ ಸುಮ್ಮನಿರು."

ಹನ್ನೆರಡು ತಮಟೆ ಆರು ಕಹಳೆ ಕೇಳಿದ ಮೇಲೆ ಮಾತಾಡುವ ಬಾವಲಿ ಯಾವುದು? ಕಾಡು ಸುಮ್ಮನಿರುತ್ತಿತ್ತು. 'ತಾನಿಲ್ಲವೆಂದು ಬಾವಲಿಯೇ ಮೂರು ಸಲ ತಿಳಿಸಿತು' ಎಂದು ಬರೆಯುವವನು ಬರೆದುಕೊಳ್ಳುತ್ತಿದ್ದ. ಮಾರನೆಯ ದಿನ ಕೊಡಲಿ ಬೀಳುತ್ತಿತ್ತು. ಹೀಗೆ ಊರಿನ ಸುತ್ತಲ ಹನ್ನೆರಡು ಗುಡ್ಡಗಳಲ್ಲಿ ಹನ್ನೊಂದು ಬೋಳಾಗಿದ್ದವು. ಹನ್ನೊಂದು ಝರಿ ಬತ್ತಿದ್ದವು. ಬತ್ತಿದ್ದಕ್ಕೆ ಮೂವರು ಸಾಕ್ಷಿ ಹೇಳಿರಲಿಲ್ಲವಾದ್ದರಿಂದ ಅವು ಬತ್ತಿರಲಿಲ್ಲ. ಊರಿನವರು ಕೊಡ ಹಿಡಿದು ಹನ್ನೆರಡನೆಯದಕ್ಕೆ ಹೋಗುತ್ತಿದ್ದರು, ಅಷ್ಟೆ.

ಹನ್ನೆರಡನೆಯ ಗುಡ್ಡದ ಬುಡದಲ್ಲಿ, ಝರಿಯ ಪಕ್ಕ, ಗುಡಿಸುವವಳ ಗುಡಿಸಲಿತ್ತು. ಚಾವಡಿ, ಬೀದಿ, ಕಟ್ಟೆ, ಕಡಿದ ಗುಡ್ಡ, ಎಲ್ಲವನ್ನೂ ಗುಡಿಸಿ ಮಧ್ಯಾಹ್ನ ಅವಳು ಆ ಕಾಡಿಗೆ ಬಂದು ಕೂರುತ್ತಿದ್ದಳು. ಅಲ್ಲಿ ಎಲೆ ಬಿದ್ದರೆ ಬಿದ್ದಲ್ಲೇ ಇರುತ್ತಿತ್ತು. ಇದ್ಯಾಕೆ ಹೀಗೆ ಬಿದ್ದಿದೆ ಎಂದು ಯಾರೂ ಅವಳನ್ನು ಗದರುತ್ತಿರಲಿಲ್ಲ. ಭೂಮಿಯ ಮೇಲೆ ಅವಳ ಸೊಂಟಕ್ಕೆ ವಿಶ್ರಾಂತಿ ಕೊಟ್ಟ ಜಾಗ ಅದೊಂದೇ. ಅದರ ಮೇಲೆ ಅವಳಿಗೆ ಪ್ರಾಣ.

ಈ ವರ್ಷದ ಹುಡುಕಾಟ ಅದೇ ಗುಡ್ಡದಲ್ಲಿ. ಇನ್ನು ಐದೇ ದಿನ.

ಅಂಥ ಒಂದು ಮಧ್ಯಾಹ್ನ ಅವಳು ಕಾಡುಬಾಳೆಯ ಬುಡದಲ್ಲಿ ಕೂತಿದ್ದಾಗ ನೆಲದ ಮೇಲೆ ಜೀರುಂಡೆಯ ರೆಕ್ಕೆಗಳು ಕಂಡವು. ಬರೀ ರೆಕ್ಕೆಗಳು, ಜೀರುಂಡೆ ಇಲ್ಲ. ನಲವತ್ತು ವರ್ಷ ನೆಲ ನೋಡಿದವಳಿಗೆ ಕಸದ ಭಾಷೆ ಗೊತ್ತು. ಇಲ್ಲಿ ರೆಕ್ಕೆ ಬಿದ್ದಿದೆ ಎಂದರೆ ಮೇಲೆ ಯಾರೋ ಊಟ ಮಾಡಿದ್ದಾರೆ. ಕತ್ತೆತ್ತಿದಳು. ಒಣಗಿ ಸುರುಳಿಯಾಗಿ ಜೋತುಬಿದ್ದ ಎಲೆಯೊಂದು ಗಾಳಿಯಿಲ್ಲದೆ ಅಲುಗಿತು. ಬಗ್ಗಿಸಿ ಇಣುಕಿದಳು. ಒಳಗೆ ಹೆಬ್ಬೆರಳಿನಷ್ಟುದ್ದದ ಒಂದು ಜೀವ ತಲೆಕೆಳಗಾಗಿ ನಿದ್ದೆ ಮಾಡುತ್ತಿತ್ತು. ಈಗಷ್ಟೇ ಹುಣಸೆಹಣ್ಣಿನಲ್ಲಿ ಉಜ್ಜಿದ ತಾಮ್ರದ ಚೊಂಬಿನ ಬಣ್ಣ. ಮೂಗಿನಲ್ಲಿ ಎರಡು ಕೊಳವೆ. ಎದೆಗೆ ಅವಚಿಕೊಂಡು, ಹುಣಸೆಬೀಜದಷ್ಟು ಮರಿ.

ಅವಳ ಕಣ್ಣಲ್ಲಿ ನೀರು ಬಂತು. ಕಾಡು ಉಳಿಯಿತು ಅಂದುಕೊಂಡಳು. ಪೊರಕೆಯನ್ನು ಅಲ್ಲೇ ಎಸೆದು ಚಾವಡಿಗೆ ಓಡಿದಳು.

"ಯಜಮಾನ್ರೇ, ಬಾವಲಿ ಸಿಕ್ತು!"

ಯಜಮಾನ ಊಟ ಮುಗಿಸಿ ಒರಗುದಿಂಬಿಗೆ ಒರಗಿದ್ದ. "ಎಷ್ಟು ಜನ ನೋಡಿದ್ರಿ?"

"ನಾನೊಬ್ಳೇ."

"ಹಾಗಾದ್ರೆ ಕನಸು ಕಣಮ್ಮ. ಮುಖ ತೊಳ್ಕೋ ಹೋಗು."

"ಬಂದು ನೋಡಿ ಬುದ್ಧಿ. ನಿಮ್ಮ ಕಾಲಿಗೆ ಬೀಳ್ತೀನಿ, ತಮಟೆ ಮಾತ್ರ ಬೇಡ."

ತಮಟೆಯಿಲ್ಲದೆ ಹೊರಟರೆ ಚಾವಡಿಯ ಮರ್ಯಾದೆ ಏನಾಗಬೇಕು? ಕೊನೆಗೆ ಒಂದೇ ತಮಟೆ, ಅದಕ್ಕೂ ಬಟ್ಟೆ ಸುತ್ತಿ, ಎಂದು ರಾಜಿಯಾಯಿತು. ಮೂವರೂ ಬಂದರು. ಅಳೆಯುವವನು ಎಲೆಯನ್ನು ಬಿಡಿಸಿ ಕಡ್ಡಿ ಹಿಡಿದ.

"ಉದ್ದ ಸರಿಯಾಗಿದೆ. ಮೂಗು ಸರಿಯಾಗಿದೆ." ಅವನು ಬಾವಲಿಯ ಬೆನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ಬಣ್ಣ ತಪ್ಪು."

"ಬೂದಿ ಅಲ್ವಾ?" ಎಂದ ಬರೆಯುವವನು.

"ತಾಮ್ರ."

ಅಳೆಯುವವನು ಬಗ್ಗಿ ಮೂಸಿ ಮುಖ ಸಿಂಡರಿಸಿದ. "ಸುವಾಸನೆನೂ ಇಲ್ಲ. ಕಾಡಿನ ವಾಸನೆ ಬರ್ತಿದೆ." ಅಷ್ಟರಲ್ಲಿ ಬಾವಲಿ ಕಣ್ಣುಬಿಟ್ಟು ಕಿವಿ ಅಲುಗಿಸಿತು. ಅವನು ಬೆಚ್ಚಿ ಕಡ್ಡಿ ಬಿಟ್ಟ. "ಅಲುಗಾಡ್ತಿದೆ ಯಜಮಾನ್ರೇ! ನಮ್ಮದು ಒಂದು ದಿನವಾದ್ರೂ ಹೀಗೆ ನಡ್ಕೊಂಡಿದ್ಯಾ?"

"ಅಲ್ಲ" ಎಂದ ಯಜಮಾನ. "ಅಲ್ಲ" ಎಂದ ಅಳೆಯುವವನು. "ಅಲ್ಲ" ಎನ್ನುತ್ತ ಬರೆಯುವವನು ಬರೆದುಕೊಂಡ.

ಗುಡಿಸುವವಳು ಅಲ್ಲೇ ಕುಸಿದಳು. ಯಜಮಾನ ಕಟುಕನೇನಲ್ಲ, ಅವಳನ್ನು ಕಂಡು ಅವನಿಗೂ ಅಯ್ಯೋ ಅನ್ನಿಸಿತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಬೇಜಾರು ಮಾಡ್ಕೋಬೇಡ ತಾಯಿ. ಒಂದು ದಾರಿ ಇದೆ. ಇದನ್ನ ಹಿಡ್ಕೊಂಡು ಒಂದು ಜಾಡಿ ಸಾರಾಯಿಯಲ್ಲಿ ಮುಳುಗಿಸಿಡು. ಅಲುಗಾಡೋದು ಒಂದು ಗಳಿಗೇಲಿ ನಿಲ್ಲುತ್ತೆ. ಬಣ್ಣ ನಾಲ್ಕು ದಿನದಲ್ಲಿ ಬಿಡುತ್ತೆ. ಆಮೇಲೆ ತಗೊಂಡು ಬಾ. ಬಾವಲಿ ಅಂತ ಒಪ್ಪೋದಕ್ಕೆ ನಮಗೇನು ಹಟವಾ?"

ಅವರು ಹೋದರು. ಬಾವಲಿ ಮತ್ತೆ ನಿದ್ದೆ ಹೋಯಿತು. ಮರಿ ಮಾತ್ರ ಎಚ್ಚರವಿದ್ದು, ಇನ್ನೂ ಸರಿಯಾಗಿ ಬಿಡದ ಕಣ್ಣಿನಿಂದ ಅವಳ ಕಡೆಗೇ ನೋಡುತ್ತಿತ್ತು. ಅವಳು ಎಲೆಯ ಸುರುಳಿಯನ್ನು ಮೊದಲಿನಂತೆ ಮುಚ್ಚಿದಳು. ಒಂದನ್ನು ಕೊಂದರೆ ಗುಡ್ಡವೆಲ್ಲ ಉಳಿಯುತ್ತದೆ. ಇದು ಅವಳಿಗೆ ಅರ್ಥವಾಗದ್ದೇನಲ್ಲ. ಗುಡಿಸಲಿಗೆ ಹೋಗಿ ಜಾಡಿಯನ್ನು ತೆಗೆದೂ ತೆಗೆದಳು, ತೊಳೆದೂ ತೊಳೆದಳು. ಆಮೇಲೆ ಅದರಲ್ಲಿ ಉಪ್ಪು ತುಂಬಿ ಅಟ್ಟದ ಮೇಲಿಟ್ಟಳು. ಅವಳ ಕೈಲಿ ಅದು ಆಗಲಿಲ್ಲ.

ಹೊರಗೆ ಅವಳ ಮೈದುನ ಕೊಡಲಿ ಮಸೆಯುತ್ತಿದ್ದ. ಊರಿನ ಕೊಡಲಿ ಹೊರುವವನು ಅವನೇ. ಕೆಟ್ಟವನಲ್ಲ. ಅತ್ತಿಗೆಯನ್ನು ಕಂಡರೆ ಗೌರವ, ಹಲ್ಲುನೋವು ಬಿಟ್ಟರೆ ಅವನಿಗೆ ಬೇರೆ ಚಿಂತೆ ಇರಲಿಲ್ಲ. "ಅತ್ತಿಗೆ, ಮರ ಗುಡಿಸಲ ಮೇಲೆ ಬೀಳದ ಹಾಗೆ ಆ ಕಡೆಗೆ ಕಡೀತೀನಿ. ನೀವೇನೂ ಯೋಚ್ನೆ ಮಾಡ್ಬೇಡಿ" ಎಂದ, ತನ್ನಿಂದ ಆಗುವ ಉಪಕಾರ ಮಾಡಿದ ಸಮಾಧಾನದಲ್ಲಿ.

ಹುಡುಕಾಟದ ಹಿಂದಿನ ದಿನ ಪೆಟ್ಟಿಗೆಯ ಬೇವಿನೆಲೆ ಬದಲಾಯಿಸುವ ದಿನ. ವರ್ಷಕ್ಕೊಮ್ಮೆ ಪೆಟ್ಟಿಗೆಯ ಬೀಗ ತೆಗೆದು ಹಳೆಯ ಎಲೆ ಗುಡಿಸಿ ಹೊಸ ಎಲೆ ಹಾಸುವುದು. ಕೊಳೆ ಕೆಲಸವಾದ್ದರಿಂದ ಬೀಗದ ಕೈ ಗುಡಿಸುವವಳ ಸೊಂಟದಲ್ಲಿತ್ತು. ದೊಡ್ಡವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಒಂದೇ ಷರತ್ತು: ಮುಚ್ಚಳ ತೆಗೆದಾಗಿನಿಂದ ಹಾಕುವವರೆಗೆ ಅವಳು ಕಣ್ಣು ಮುಚ್ಚಿಕೊಂಡಿರಬೇಕು. ಅವಳಿಗಿಂತ ಮುಂಚೆ ಈ ಕೆಲಸ ಅವಳ ಅತ್ತೆಯದು. ಸಾಯುವಾಗ ಅತ್ತೆ ಮನೆಯ ಮಾತು, ಮಗನ ಮಾತು, ಒಂದನ್ನೂ ಆಡಿರಲಿಲ್ಲ. "ಕಣ್ಣು ಮುಚ್ಕೊಂಡೇ ತೆಗಿ ಕಣೇ. ನನ್ನಾಣೆ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದ್ದಳು. ಎಂಥ ಭಕ್ತಿ ನಮ್ಮತ್ತೆಯದು ಎಂದು ಸೊಸೆ ಇಷ್ಟು ವರ್ಷ ಅಂದುಕೊಂಡಿದ್ದಳು.

ಆ ದಿನ, ಮಧ್ಯಾಹ್ನ, ಮೂವರೂ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿರುವಾಗ, ಅವಳು ಮುಚ್ಚಳ ತೆಗೆದು ಕಣ್ಣು ಬಿಟ್ಟಳು. ನನ್ನ ಬಾವಲಿಯಲ್ಲಿ ಇಲ್ಲದ್ದು ಇದರಲ್ಲಿ ಏನಿದೆ, ನೋಡಿಯೇಬಿಡುತ್ತೇನೆ ಎಂಬ ಹಟ ಅವಳಿಗೆ.

ಇದ್ದದ್ದು ಇಷ್ಟು. ಮೈ, ಹಳೆಯ ಕಂಬಳಿಯ ಉಣ್ಣೆ. ರೆಕ್ಕೆ, ಹರಿದ ಕೊಡೆಯ ಬಟ್ಟೆ. ಕಣ್ಣು, ಎರಡು ಸಾಸಿವೆ ಕಾಳು. ಮೂಗಿನ ಕೊಳವೆ, ಎರಡು ಲವಂಗ.

ಅವಳು ಕೈಗೆತ್ತಿಕೊಂಡು ತಿರುಗಿಸಿದಳು. ಹೊಟ್ಟೆಯ ಉದ್ದಕ್ಕೂ ಓರೆಯಾಗಿ, ಎರಡೆರಡು ಸಲ ಹಿಂದಕ್ಕೆ ಬರುವ ಹೊಲಿಗೆ. ಆ ಹೊಲಿಗೆ ಅವಳ ಕೌದಿಯಲ್ಲಿತ್ತು, ಅವಳ ಗಂಡನ ಅಂಗಿಯಲ್ಲಿತ್ತು, ಅವಳು ಮದುವೆಯಾಗಿ ಬಂದಾಗ ಅತ್ತೆ ಕೊಟ್ಟ ರವಿಕೆಯಲ್ಲಿತ್ತು. ಪೆಟ್ಟಿಗೆಯ ತಳದ ಹಲಗೆಯ ಮೂಲೆಯಲ್ಲಿ ಇರುವೆ ಕೊರೆದ ಹಳೆಯ ತೂತೂ ಕಂಡಿತು. ಆಯಿತಲ್ಲ, ಎಲ್ಲ ಗೊತ್ತಾಯಿತು. ನಿಜವಾದ ಬಾವಲಿಯನ್ನು ಯಾವಾಗಲೋ ಇರುವೆಗಳು ತಿಂದು ಮುಗಿಸಿವೆ. ಬೈಗುಳಕ್ಕೆ ಹೆದರಿದ ಅತ್ತೆ ಕೈಗೆ ಸಿಕ್ಕಿದ್ದರಲ್ಲಿ ಒಂದನ್ನು ಹೊಲಿದಿಟ್ಟಿದ್ದಾಳೆ. ಊರು ಅದಕ್ಕೆ ಮೂಗಿಟ್ಟು ಕಣ್ಣೊರೆಸಿಕೊಂಡಿದೆ.

ಮೊದಲು ಅವಳಿಗೆ ನಗು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಗುತ್ತಿರುವಾಗಲೇ ಏನೋ ನೆನಪಾಗಿ ಬಾಯಿಂದ ಸೆರಗು ತೆಗೆದಳು. ಹನ್ನೊಂದು ಗುಡ್ಡ ಕಡಿದ ಮೇಲೆ ಹನ್ನೊಂದು ಸಲ ಅವಳೇ ಒಣಗಿದ ಎಲೆಗಳನ್ನು ಗುಡಿಸಿದ್ದಳು. ಎಲೆಗಳ ನಡುವೆ ತಾಮ್ರದ ಬಣ್ಣದ ಪುಟ್ಟ ಪುಟ್ಟ ಉಂಡೆಗಳಿರುತ್ತಿದ್ದವು. ಏನೋ ಕಾಯಿ ಎಂದು ರಾಶಿಗೆ ಸೇರಿಸಿ ಬೆಂಕಿ ಹಚ್ಚಿದ್ದಳು. ಅವಳು ಕಟ್ಟೆಗೆ ತಲೆ ಆನಿಸಿ ಸದ್ದಿಲ್ಲದೆ ಅತ್ತಳು.

ಅತ್ತು ಮುಗಿದ ಮೇಲೆ ಗುಡಿಸಲಿಗೆ ಹೋದಳು. ಅದೇ ಕಂಬಳಿಯ ಉಳಿದ ತುಂಡು ಪೆಟಾರಿಯಲ್ಲಿತ್ತು. ಅದೇ ಕೊಡೆ, ಬಟ್ಟೆ ಮುಕ್ಕಾಲು ಹೋಗಿ, ಸೂರಿನಲ್ಲಿ ನೇತಾಡುತ್ತಿತ್ತು. ಅಡುಗೆಮನೆಯ ಡಬ್ಬಿಯಲ್ಲಿ ಲವಂಗವಿತ್ತು. ಹೊಟ್ಟೆಗೆ ಹತ್ತಿ ತುಂಬಿದಳು, ಅತ್ತೆಯ ಹೊಲಿಗೆಯನ್ನು ಹಾಗೆಯೇ ಹಾಕಿದಳು. ಹೊತ್ತು ಇಳಿಯುವುದರೊಳಗೆ ಮುಗಿಸಿ, ಕಾಡಿನ ಅಂಚಿನ ಒಂದು ಒಣಗಿದ ಎಲೆಯೊಳಗೆ ಸಿಕ್ಕಿಸಿ ಬಂದಳು.

ಮರುದಿನ ಹನ್ನೆರಡು ತಮಟೆ, ಆರು ಕಹಳೆ. ಒಂದು ಸುತ್ತು. ಇದ್ದೀಯಾ? ಕಾಡು ಸುಮ್ಮನಿತ್ತು. ಎರಡು ಸುತ್ತು. ಇದ್ದೀಯಾ? ಕಾಡು ಸುಮ್ಮನಿತ್ತು. ಮೂರನೆಯ ಸುತ್ತಿನಲ್ಲಿ, ಯಜಮಾನ ಗಂಟಲು ಸರಿಮಾಡಿಕೊಳ್ಳುವಾಗ, ಹಿಂದಿನಿಂದ ಗುಡಿಸುವವಳು "ಏನೋ ಘಮ್ಮಂತಿದೆಯಲ್ಲಾ" ಎಂದಳು, ಯಾರಿಗೂ ಅಲ್ಲವೆಂಬಂತೆ.

ಅಳೆಯುವವನ ಮೂಗು ಅರಳಿತು. ಮೂಗಿನ ಹಿಂದೆ ಅವನು ಹೋದ. ಎಲೆ ಬಿಡಿಸಿದ.

"ಉದ್ದ ಸರಿ! ಮೂಗು ಸರಿ! ಬಣ್ಣ ಸರಿ! ಸುವಾಸನೆ... ಆಹಾ! ಯಜಮಾನ್ರೇ, ಒಂಚೂರೂ ಅಲುಗಾಡ್ತಿಲ್ಲ!"

"ಎಂಥ ಗಾಂಭೀರ್ಯ ನೋಡು" ಎಂದ ಯಜಮಾನ. "ಹೌದು" "ಹೌದು" "ಹೌದು" ಎಂದು ಮೂರು ಹೌದು ಬಿದ್ದವು. ತಮಟೆಯವರು ಚರ್ಮ ಹರಿಯುವವರೆಗೆ ಬಾರಿಸಿದರು. ಇನ್ನೊಂದು ಗಾಜಿನ ಪೆಟ್ಟಿಗೆ ಮಾಡಿಸಿ ಹೊಸದನ್ನು ಅದರಲ್ಲಿಟ್ಟರು. ಕೊಡಲಿ ಮೂಲೆ ಸೇರಿತು. ಮೈದುನ ಕಟ್ಟೆಯ ಮೇಲೆ ಕೂತು ಕೆನ್ನೆಗೆ ಕೈ ಒತ್ತಿಕೊಂಡು, ಇನ್ನು ತಾನೇನು ಮಾಡಬೇಕೆಂದು ಯೋಚಿಸತೊಡಗಿದ. ಗುಡಿಸುವವಳು ಕಾಡಿಗೆ ಹೋಗಿ ಕಾಲು ಚಾಚಿ ಕೂತಳು. ಬಹಳ ದಿನದ ಮೇಲೆ ಅವಳಿಗೆ ಹಸಿವಾಯಿತು.

ಅವಳ ನೆಮ್ಮದಿ ಒಂದು ವಾರ ನಡೆಯಿತು.

ಎಂಟನೆಯ ದಿನ ಚಾವಡಿಯಿಂದ ಆಜ್ಞೆ ಹೊರಟಿತು. ನಿಜವಾದ ಬಾವಲಿ ಹನ್ನೆರಡನೆಯ ಗುಡ್ಡದಲ್ಲಿ ಇರುವುದು ಸಾಬೀತಾಗಿದೆ. ಆದರೆ ಅದು ವಾಸಿಸಬೇಕಾದ ಎಲೆಗಳಲ್ಲಿ ಯಾವುದೋ ತಾಮ್ರದ ಬಣ್ಣದ, ವಾಸನೆಯಿಲ್ಲದ, ಅಲುಗಾಡುವ ಪ್ರಾಣಿಗಳು ಸೇರಿಕೊಂಡಿವೆ. ನಿಜವಾದ ಬಾವಲಿಯ ಹಿತಕ್ಕಾಗಿ ಕಾಡಿಗೆ ಹೊಗೆ ಹಾಕಿ ಅವುಗಳನ್ನು ತೊಲಗಿಸತಕ್ಕದ್ದು.

ಕೇಳಿದ ಗುಡಿಸುವವಳ ಕೈಯಿಂದ ಪೊರಕೆ ಬಿತ್ತು. ತಾನು ಹೊಲಿದದ್ದು ತನ್ನ ಬಾವಲಿಯ ಕುತ್ತಿಗೆಗೇ ಬಂತಲ್ಲ ಎಂದು ಎದೆ ಹೊಡೆದುಕೊಂಡಳು. ನೇರ ಚಾವಡಿಗೆ ನುಗ್ಗಿ, ಮೂವರ ಎದುರಿಗೆ ನಿಂತು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು.

"ಅದನ್ನ ಹೊಲಿದೋಳು ನಾನು ಬುದ್ಧಿ. ಕಂಬಳಿ ಅದು. ಕೊಡೆಬಟ್ಟೆ. ಲವಂಗ. ಹಳೇದನ್ನ ಹೊಲಿದೋಳು ನಮ್ಮತ್ತೆ. ನನ್ನ ಏನು ಬೇಕಾದ್ರೂ ಮಾಡಿ, ಹೊಗೆ ಹಾಕ್ಬೇಡಿ."

"ನೀನು ಹೊಲಿಯೋದನ್ನ ಎಷ್ಟು ಜನ ನೋಡಿದ್ರು?" ಎಂದ ಬರೆಯುವವನು.

"ಯಾರೂ ಇಲ್ಲ."

"ಹಾಗಾದ್ರೆ ಅದೂ ಕನಸೇ ಆಯ್ತಲ್ಲಮ್ಮ."

ಅವಳಿಗೆ ರೋಸಿಹೋಯಿತು. ಹೊಸ ಪೆಟ್ಟಿಗೆಯ ಮುಚ್ಚಳ ಕಿತ್ತು, ಬಾವಲಿಯನ್ನು ಹಿಡಿದು, ಮೂವರ ಮೂಗಿನಡಿಯಲ್ಲೇ ಅದರ ಹೊಟ್ಟೆಯನ್ನು ಹರಿದು ಬಿಸಾಕಿದಳು. ಬಿಳೀ ಹತ್ತಿ ಚಾವಡಿಯ ತುಂಬ ಹಾರಿತು. ಒಂದು ಎಳೆ ಯಜಮಾನನ ಮೀಸೆಯ ಮೇಲೆ ಕೂತಿತು.

ಈಗಲಾದರೂ ಇವರ ಕಣ್ಣು ತೆರೆದೀತು ಎಂದು ಅವಳು ಕಾದಳು. ಆಗ ಅಳೆಯುವವನು ಒಂದು ಎಳೆ ಹತ್ತಿಯನ್ನು ಬೆರಳಿನಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಬೆರಗಿನಿಂದ ಹೇಳಿದ: "ನೋಡಿದ್ರಾ ಯಜಮಾನ್ರೇ? ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಬಾವಲಿ ಹತ್ತಿ ತಿನ್ನುತ್ತೆ!"

"ತಿನ್ನುತ್ತೆ" ಎಂದ ಯಜಮಾನ, ಮೀಸೆ ಒರೆಸಿಕೊಳ್ಳುತ್ತ.

"ತಿನ್ನುತ್ತೆ" ಎಂದು ಬರೆಯುವವನು ಬರೆದ.

ಆಜ್ಞೆ ತಿದ್ದುಪಡಿಯಾಯಿತು. ಬಾವಲಿಯ ಆಹಾರ ಹತ್ತಿ ಎಂದು ತಿಳಿದುಬಂದಿರುವುದರಿಂದ, ಹೊಗೆ ಹಾಕಿದ ಮೇಲೆ ಹನ್ನೆರಡನೆಯ ಗುಡ್ಡದ ಮರಗಳನ್ನು ತೆಗೆದು, ಬಾವಲಿಯ ಹಿತಕ್ಕಾಗಿ ಹತ್ತಿ ಬಿತ್ತತಕ್ಕದ್ದು. ಬಾವಲಿ ಇರುವಲ್ಲಿ ಕೊಡಲಿ ಬೀಳಕೂಡದಲ್ಲ ಎಂದು ಮೈದುನ ತಲೆ ಕೆರೆದುಕೊಂಡು ಕೇಳಿದ್ದಕ್ಕೆ, ಕಲ್ಲಿನ ಮೇಲೆ ಕೊಡಲಿ ಎಂದು ಮಾತ್ರ ಇದೆ, ಗರಗಸದ ಮಾತೇ ಇಲ್ಲವಲ್ಲ ಎಂದು ತೋರಿಸಿದರು. ಓದು ಬಾರದವನು ಹೌದು ಹೌದೆಂದ. ನಾಳೆ ಬೆಳಿಗ್ಗೆ ಹಳೆಯ ಪೆಟ್ಟಿಗೆಯನ್ನೇ ಮೆರವಣಿಗೆಯಲ್ಲಿ ಕಾಡಿಗೆ ಒಯ್ಯುವುದು, ಸಿಕ್ಕ ಪ್ರತಿ ಪ್ರಾಣಿಯನ್ನೂ ಅದರ ಪಕ್ಕದಲ್ಲಿಟ್ಟು ನೋಡುವುದು, ಅಲ್ಲದ್ದಕ್ಕೆ ಹೊಗೆ. ಎಲ್ಲವೂ ನ್ಯಾಯವಾಗಿ ನಡೆಯಬೇಕು ನೋಡಿ!

ಗುಡಿಸುವವಳು ಚಾವಡಿಯ ಹತ್ತಿಯನ್ನೆಲ್ಲ ಗುಡಿಸಿದಳು. ಅವಳನ್ನು ಯಾರೂ ಶಿಕ್ಷಿಸಲಿಲ್ಲ. ಶಿಕ್ಷಿಸಿದರೆ ಮುಂದೆ ಗುಡಿಸುವವರಾರು? ಮೂವರೂ ಊಟಕ್ಕೆ ಹೋದರು. ಗುಡಿಸುತ್ತ ಗುಡಿಸುತ್ತ ಅವಳಿಗೊಂದು ಮಾತು ಹೊಳೆಯಿತು. ಇವರು ನಿಜಕ್ಕೆ ಸಾಕ್ಷಿ ಕೇಳುತ್ತಾರೆ, ಪೆಟ್ಟಿಗೆಗೆ ಕೇಳುವುದಿಲ್ಲ. ಬೀಗದ ಕೈ ಇನ್ನೂ ಅವಳ ಸೊಂಟದಲ್ಲೇ ಇತ್ತು.

ಅವಳು ಅತ್ತೆಯ ಬಾವಲಿಯನ್ನು ಸೆರಗಿನಲ್ಲಿ ಸುತ್ತಿ ಝರಿಯ ಹತ್ತಿರ ಒಯ್ದಳು. ಕೆಮ್ಮಣ್ಣು ಅರೆದು, ಅದಕ್ಕೆ ಮರದ ತೊಗಟೆಯ ಕಷಾಯ ಬೆರೆಸಿ, ಅದ್ದಿ ತೆಗೆದು, ಬಿಸಿಲಿಗಿಟ್ಟು, ಮತ್ತೆ ಅದ್ದಿದಳು. ನಡುನಡುವೆ ಹೋಗಿ ಸುರುಳಿ ಎಲೆಯೊಳಗೆ ಇಣುಕಿ ಬಣ್ಣ ಹೋಲಿಸಿ ಬಂದಳು. ಲವಂಗ ಕಿತ್ತು, ಹಕ್ಕಿಗರಿಯ ದಂಟಿನ ಎರಡು ಚೂರು ಇಟ್ಟಳು. ಹೊಟ್ಟೆ ಬಿಚ್ಚಿ ಹಳೆಯ ಚಿಂದಿಯನ್ನು ತೆಗೆದು, ಬಾಳೆಯ ಬುಡದಿಂದ ಆರಿಸಿತಂದ ಜೀರುಂಡೆಯ ರೆಕ್ಕೆಗಳನ್ನು ತುಂಬಿ, ಅವು ಒಂದೆರಡು ಹೊರಗೆ ಇಣುಕುವಂತೆ ಹೊಲಿದಳು. "ನಿಮ್ಮ ಹೊಲಿಗೆ ಬಿಚ್ಚಿದೆ ಅತ್ತೆಮ್ಮಾ, ಹೊಟ್ಟೆಗೆ ಹಾಕ್ಕೊಳ್ಳಿ" ಎಂದಳು. ಊಟ ಮುಗಿಸಿದವರ ನಿದ್ದೆ ಮುಗಿಯುವುದರೊಳಗೆ ಅದು ಪೆಟ್ಟಿಗೆ ಸೇರಿತ್ತು. ಮೇಲೊಂದು ರೇಷ್ಮೆ ವಸ್ತ್ರ ಹೊದಿಸಿ, ಮೆರವಣಿಗೆಗೆ ಸಿದ್ಧವಾಗಿದೆ ಎಂದಳು.

ಮರುದಿನ ಕಾಡಿನ ಅಂಚಿನಲ್ಲಿ ಪೆಟ್ಟಿಗೆ ಇಳಿಯಿತು. ಹಸಿ ಸೊಪ್ಪಿನ ರಾಶಿಯ ಪಕ್ಕ ಮೈದುನ ಕೊಳ್ಳಿ ಹಿಡಿದು ನಿಂತಿದ್ದ. ಅಳೆಯುವವನು ಕಾಡುಬಾಳೆಯ ಸುರುಳಿ ಎಲೆಯನ್ನೇ ಮೊದಲು ಕಿತ್ತು ತಂದ. ಒಳಗೆ ತಾಯಿ, ಮರಿ, ಎರಡೂ ನಿದ್ದೆಯಲ್ಲಿ. ಗುಡಿಸುವವಳು ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಯಜಮಾನ ರೇಷ್ಮೆ ವಸ್ತ್ರ ತೆಗೆದ.

ತಮಟೆಗಳು ತಾವಾಗಿಯೇ ನಿಂತವು. ಮೂವರೂ ಪೆಟ್ಟಿಗೆಯನ್ನು ನೋಡಿದರು. ಮೂವರೂ ಎಲೆಯನ್ನು ನೋಡಿದರು. ಅಳೆಯುವವನು ತೂತಿಗೆ ಮೂಗಿಟ್ಟು ಒಂದು ಸಲ ಎಳೆದ, ಎರಡು ಸಲ ಎಳೆದ, ಮೂಗು ಒರೆಸಿಕೊಂಡು ಮೂರನೆಯ ಸಲ ಎಳೆದ. ಸುತ್ತ ಊರೆಲ್ಲ ನಿಂತಿತ್ತು. ನಿನ್ನೆಯವರೆಗೆ ಅದು ಬೂದಿಯ ಬಣ್ಣದ್ದಾಗಿತ್ತೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು.

ಯಜಮಾನನ ಹಣೆಯಲ್ಲಿ ಬೆವರು ಮೂಡಿತು. ಪೆಟ್ಟಿಗೆಯದು ಬದಲಾಗಿದೆ ಎಂದರೆ ಪೆಟ್ಟಿಗೆಯೂ ತಪ್ಪಬಹುದು ಎಂದಂತಾಯಿತು. ಪೆಟ್ಟಿಗೆ ತಪ್ಪಿದರೆ ಕಲ್ಲು ತಪ್ಪು, ಚಾವಡಿ ತಪ್ಪು, ಮೂವರೂ ತಪ್ಪು. ಅವನು ಗಂಟಲು ಸರಿಮಾಡಿಕೊಂಡ.

"ತಾಮ್ರ" ಎಂದ. "ಮೊದಲಿಂದಲೂ ತಾಮ್ರವೇ."

"ಮೊದಲಿಂದಲೂ" ಎಂದ ಅಳೆಯುವವನು, ಬದುಕಿದೆಯಾ ಬಡಜೀವವೇ ಎಂಬಂತೆ. "ಸುವಾಸನೆ ಅನ್ನೋದು ನಮ್ಮ ಭಕ್ತಿ, ಅಷ್ಟೆ. ಅಳತೆಗೆ ಸಿಗೋ ವಿಷಯ ಅಲ್ಲ. ಮತ್ತೆ ಇಲ್ನೋಡಿ, ಹೊಟ್ಟೇಲಿ ಜೀರುಂಡೆ!"

"ಜೀರುಂಡೆ" ಎಂದು ಬರೆಯುವವನು ಬರೆದ, ಹತ್ತಿಯನ್ನು ಹೊಡೆದುಹಾಕಿ.

ಎಲೆಯೊಳಗಿನದು ಅಲುಗಾಡಿತು. "ನಮ್ಮದೂ ಅಲುಗಾಡ್ತಿತ್ತು, ನಾವು ನೋಡುವಾಗ ನಿಲ್ಲಿಸ್ತಿತ್ತು" ಎಂದ ಯಜಮಾನ. ಅದಕ್ಕೂ ಮೂರು ಹೌದು ಬಿದ್ದವು. ಕೊಳ್ಳಿ ಆರಿತು, ಗರಗಸ ಮನೆಗೆ ಹೋಯಿತು, ಎಲೆ ಮತ್ತೆ ಗಿಡದ ಮೇಲೇರಿತು. ಹರಿದ ಬೂದಿ ಬಾವಲಿ 'ಅಲ್ಲ' ಎಂದಾಯಿತು. ಮತ್ತೆ ಹೊಸ ಪೆಟ್ಟಿಗೆ ಸೇರಿದ್ದ ಅದನ್ನು ತೆಗೆದು ಬೀದಿಗೆ ಎಸೆದರು. ಮೈದುನ ಅದರ ಲವಂಗಗಳನ್ನು ಕಿತ್ತು ದವಡೆಗೆ ಇಟ್ಟುಕೊಂಡ. "ಹಲ್ಲುನೋವಿಗೆ ಒಳ್ಳೇದು ಅತ್ತಿಗೆ" ಎಂದ.

ಇಷ್ಟಕ್ಕೇ ಮುಗಿಯಲಿಲ್ಲ. ಬರೆಯುವವನು ಪ್ರಾಮಾಣಿಕ. ಚಾವಡಿಗೆ ಹೋಗಿ ಹಳೆಯ ಪುಸ್ತಕಗಳನ್ನೆಲ್ಲ ಬಿಡಿಸಿದ. ಕಡಿದ ಹನ್ನೊಂದು ಗುಡ್ಡಗಳಲ್ಲಿ ಒಂಬತ್ತರಲ್ಲಿ 'ತಾಮ್ರದ ಬಣ್ಣದ್ದು ಸಿಕ್ಕಿತು, ಅಲ್ಲ' ಎಂದು ಬರೆದಿತ್ತು. ಅಂದರೆ ಯಾರ್ಯಾರೋ ಇವಳ ಹಾಗೆಯೇ ಏದುಸಿರು ಬಿಡುತ್ತ ಓಡಿಬಂದಿದ್ದರು. ಈಗ ಒಂಬತ್ತೂ 'ಅಲ್ಲ' ತಿದ್ದಿ 'ಹೌದು' ಎಂದಾಯಿತು. ಬಾವಲಿ ಇರುವಲ್ಲಿ ಕೊಡಲಿ ಬೀಳಕೂಡದು, ಆದ್ದರಿಂದ ಬಿದ್ದಿಲ್ಲ. ಒಂಬತ್ತು ಬೋಳುಗುಡ್ಡಗಳೂ ಅಂದಿನಿಂದ ದಟ್ಟವಾದ ಕಾಡೆಂದು ಮೂವರು ಸಹಿ ಹಾಕಿದರು. ಉರಿಬಿಸಿಲಲ್ಲಿ ಆ ಬೊಡ್ಡೆಗಳ ನಡುವೆ ಹಾದುಹೋಗುವವರು ನೆರಳಿಗೆ ಕೈಮುಗಿದು ಹೋಗತಕ್ಕದ್ದು ಎಂದು ಡಂಗುರ ಸಾರಿದರು. ಜನ ಕೈಮುಗಿದು ಹೋದರು.

ಅವಳು ಆ ಡಂಗುರವನ್ನು ಚಾವಡಿಯ ಮೆಟ್ಟಿಲು ಗುಡಿಸುತ್ತ ಕೇಳಿದಳು. ಒಂಬತ್ತು ಗುಡ್ಡಗಳ ಎಲೆರಾಶಿಗೆ ತಾನು ಇಟ್ಟ ಬೆಂಕಿಯ ಹೊಗೆ ಕಣ್ಣಿಗೆ ಈಗ ಬಂದು ತಾಗಿದಂತಾಯಿತು. ಅದಕ್ಕೆ ಯಾವ ಪುಸ್ತಕದಲ್ಲೂ ತಿದ್ದುಪಡಿ ಇರಲಿಲ್ಲ.

ಯಜಮಾನ ಮೆಟ್ಟಿಲಿಳಿದು ಬಂದವನು ಅವಳ ಪಕ್ಕ ನಿಂತ. ಅವನ ಕಣ್ಣು ಅವಳ ಕೈಗಳ ಮೇಲಿತ್ತು. ಹತ್ತೂ ಬೆರಳು, ಉಗುರಿನ ಸಂದಿಯವರೆಗೆ, ತಾಮ್ರ. ಪೊರಕೆಯ ಹಿಡಿಗೂ ಬಣ್ಣ ಹತ್ತಿತ್ತು. ಅವಳು ಕೈ ಸೆರಗಿನಡಿ ಮುಚ್ಚಿಕೊಳ್ಳಲು ನೋಡಿದಳು, ತಡವಾಗಿತ್ತು.

ಅವನು ಹಿಂದೆ ಮುಂದೆ ನೋಡಿದ. ಚಾವಡಿಯಲ್ಲಿ ಅಳೆಯುವವನು ತೂಕಡಿಸುತ್ತಿದ್ದ, ಬರೆಯುವವನು ಬರೆಯುತ್ತಿದ್ದ.

"ಕೈ ತೊಳ್ಕೋ ಹೋಗು ತಾಯಿ" ಎಂದ ಮೆಲ್ಲಗೆ. "ಸದ್ಯಕ್ಕೆ ನಾನೊಬ್ಬನೇ ನೋಡಿರೋದು."

ಅವಳು ಝರಿಗೆ ಹೋಗಿ ಕೈ ಅದ್ದಿದಳು. ಬಣ್ಣ ಎಳೆಎಳೆಯಾಗಿ ಬಿಟ್ಟು ಊರಿನ ಕೊಡಗಳ ಕಡೆಗೆ ಹರಿಯಿತು. ಆಮೇಲೆ ಕಾಡುಬಾಳೆಯ ಬುಡಕ್ಕೆ ಬಂದು ಕೂತಳು. ಮೇಲೆ ಸುರುಳಿ ಎಲೆಯಿಂದ ಒಂದು ಜೀರುಂಡೆಯ ರೆಕ್ಕೆ ತಿರುಗುತ್ತ ತಿರುಗುತ್ತ ಬಂದು ಅವಳ ಮಡಿಲಿಗೆ ಬಿತ್ತು. ಒಳಗಿದ್ದವಕ್ಕೆ, ಇವತ್ತಿನಿಂದ ತಾವು ಬಾವಲಿಗಳೆಂಬುದು ಇನ್ನೂ ತಿಳಿದಿರಲಿಲ್ಲ. ಅವಳೂ ಎಬ್ಬಿಸಿ ಹೇಳಲು ಹೋಗಲಿಲ್ಲ.